ಕೈಗಾದಂಥ ಅಣು ಸ್ಥಾವರದಲ್ಲಿ ಡೋಸಿಮೀಟರ್, ರಕ್ಷಣಾ ಉಡುಪು: ಪದೇ ಪದೇ ಕೇಳುವ ಪ್ರಶ್ನೆಗಳು

ಅಣು ಸ್ಥಾವರದಲ್ಲಿ ಬಿಎಸ್‌ಡಿ ಬಂತೆಂದರೆ ಗೇಟಿನ ಬಳಿ ಹೊಸ ಮುಖಗಳು ಕಾಣುತ್ತವೆ. ಎರಡು ವರ್ಷಕ್ಕೊಮ್ಮೆ ರಿಯಾಕ್ಟರ್ ನಿಲ್ಲಿಸಿ ಮಾಡುವ ದೊಡ್ಡ ರಿಪೇರಿಗೆ ಇಟ್ಟ ಹೆಸರು ಅದು. ಫಿಟ್ಟರ್, ವೆಲ್ಡರ್, ಹೆಲ್ಪರ್, ಪೈಪಿಗೆ ಸುತ್ತಿದ ಶಾಖ ತಡೆಯುವ ಹೊದಿಕೆ (ಲ್ಯಾಗಿಂಗ್) ಬಿಚ್ಚುವವರು, ಹೀಗೆ ಗುತ್ತಿಗೆಯ ಮೇಲೆ ಬರುವ ಎಲ್ಲರಿಗೂ ಒಳಗೆ ಹೋಗುವ ಮೊದಲು ತರಬೇತಿ ಇರುತ್ತದೆ. ಅಲ್ಲಿ ಎದ್ದುನಿಂತು ಕೇಳುವವರು ಕಡಿಮೆ. ಚಹಾ ಕುಡಿಯುವಾಗ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳುವವರೇ ಜಾಸ್ತಿ. ಆ ಪ್ರಶ್ನೆಗಳೇ ಇಲ್ಲಿವೆ. ಉತ್ತರಗಳನ್ನು ಕಾರವಾರ ತಾಲ್ಲೂಕಿನ ಕೈಗಾದಲ್ಲಿರುವಂಥ 220 ಮೆಗಾವಾಟಿನ ಭಾರಜಲ ರಿಯಾಕ್ಟರನ್ನು ಕಣ್ಮುಂದೆ ಇಟ್ಟುಕೊಂಡು ಬರೆದಿದ್ದೇನೆ.

ಬ್ಯಾಡ್ಜ್ ಹಾಕಿಕೊಂಡರೆ ವಿಕಿರಣ ತಾಗುವುದಿಲ್ಲ ಅಲ್ಲವೇ?

ತಾಗುತ್ತದೆ. ಬ್ಯಾಡ್ಜ್ ಎಂದರೆ ಎದೆಗೆ ಸಿಕ್ಕಿಸುವ ಡೋಸಿಮೀಟರ್, ಮೈಗೆ ತಾಗಿದ ವಿಕಿರಣವನ್ನು, ಅಂದರೆ ಡೋಸನ್ನು, ಅಳೆಯುವ ಸಾಧನ. ಅದು ಕೊಡೆಯಲ್ಲ, ಮಳೆ ಅಳೆಯುವ ಪಾತ್ರೆ. ಎಷ್ಟು ಸುರಿಯಿತು ಎಂದು ಹೇಳುತ್ತದೆಯೇ ಹೊರತು ಒಂದು ಹನಿಯನ್ನೂ ತಡೆಯುವುದಿಲ್ಲ. ಇದನ್ನು ತಾಯಿತದ ಹಾಗೆ ನಂಬಿದವರನ್ನು ನೋಡಿದ್ದೇನೆ. ಬ್ಯಾಡ್ಜ್ ಇದೆಯಲ್ಲ ಎಂಬ ಧೈರ್ಯದಿಂದ ‘ಬಿಸಿ’ ಪೈಪಿನ, ಅಂದರೆ ವಿಕಿರಣ ಹೆಚ್ಚಿರುವ ಪೈಪಿನ, ಪಕ್ಕದಲ್ಲೇ ಕೂತು ಸ್ಪ್ಯಾನರ್ ಹುಡುಕುತ್ತಿರುತ್ತಾರೆ.

ಹಾಗಾದರೆ ಮೈಮೇಲಿನ ಸೂಟು ತಡೆಯುತ್ತದೆಯೇ?

ಸೂಟು ತಡೆಯುವುದು ಕೊಳೆಯನ್ನು, ಕಿರಣವನ್ನಲ್ಲ. ಇದೊಂದು ವ್ಯತ್ಯಾಸ ಮನಸ್ಸಿಗೆ ಇಳಿದರೆ ಉಳಿದದ್ದೆಲ್ಲ ಸಲೀಸು.

ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಬೋರ್ಡೋ ಹೊಡೆಯುವವರು ಹಳೆಯ ತುಂಬುತೋಳಿನ ಅಂಗಿ ಹಾಕಿ, ತಲೆಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ನೀಲಿ ಮದ್ದು ಮೈಗೆ ಮೆತ್ತಬಾರದು, ಮನೆಯೊಳಗೆ ಬರಬಾರದು ಎಂದು. ಆ ಅಂಗಿ ಸೆಕೆಯನ್ನು ತಡೆಯಲಿ ಎಂದು ಯಾರೂ ಬಯಸುವುದಿಲ್ಲ. ಸ್ಥಾವರದ ಹತ್ತಿ ಬಾಯ್ಲರ್ ಸೂಟು, ಟೋಪಿ, ಗ್ಲೌಸು, ಶೂ ಕವರುಗಳ ಕೆಲಸವೂ ಇಷ್ಟೇ. ವಿಕಿರಣ ಸೂಸುವ ಧೂಳು, ತೇವ, ತುಕ್ಕಿನ ಪುಡಿ ಚರ್ಮಕ್ಕೆ ಅಂಟಬಾರದು, ಮೂಗು ಬಾಯಿಗೆ ಹೋಗಬಾರದು. ಇದಕ್ಕೆ ಅಲ್ಲಿ ಕಂಟ್ಯಾಮಿನೇಶನ್ ಎನ್ನುತ್ತಾರೆ.

ಕಿರಣದ ಮಾತು ಬೇರೆ. ಅದರಲ್ಲಿ ಆಲ್ಫಾ, ಬೀಟಾ, ಗಾಮಾ ಎಂಬ ಬಗೆಗಳಿವೆ. ಆಲ್ಫಾ ಚರ್ಮದ ಮೇಲ್ಪದರವನ್ನೇ ದಾಟುವುದಿಲ್ಲ. ಬೀಟಾವನ್ನು ದಪ್ಪ ಪ್ಲಾಸ್ಟಿಕ್ಕು, ರಬ್ಬರು ಬಹಳಷ್ಟು ತಗ್ಗಿಸುತ್ತವೆ. ಗಾಮಾಕ್ಕೆ ಮಾತ್ರ ಬಟ್ಟೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ರಿಯಾಕ್ಟರಿನ ಪೈಪುಗಳ ಒಳಗೆ ಕೂತಿರುವ ಕೋಬಾಲ್ಟ್-60ರ ಗಾಮಾವನ್ನು ಅರ್ಧಕ್ಕೆ ಇಳಿಸಲು ಒಂದು ಸೆಂಟಿಮೀಟರಿಗೂ ಹೆಚ್ಚು ದಪ್ಪದ ಸೀಸ ಬೇಕು. ಅಷ್ಟು ಸೀಸದ ಅಂಗಿ ಹೊಲಿಸಿದರೆ ಇನ್ನೂರು ಕಿಲೊ ತೂಗೀತು. ಅದಕ್ಕೇ ಗಾಮಾದಿಂದ ತಪ್ಪಿಸಿಕೊಳ್ಳುವ ದಾರಿಗಳು ಮೂರೇ. ಹತ್ತಿರ ಕಡಿಮೆ ಹೊತ್ತು ಇರುವುದು, ದೂರ ನಿಲ್ಲುವುದು, ನಡುವೆ ಸೀಸದ ಇಟ್ಟಿಗೆಯನ್ನೋ ಕಾಂಕ್ರೀಟನ್ನೋ ಇಡುವುದು.

ಎದೆಯ ಮೇಲೆ ಒಂದು ಬ್ಯಾಡ್ಜ್, ಜೇಬಿಗೆ ಇನ್ನೊಂದು ಪೆನ್ನು. ಎರಡೇಕೆ?

ಬ್ಯಾಡ್ಜ್ ಎಂದರೆ ಟಿಎಲ್‌ಡಿ, ಥರ್ಮೊಲ್ಯುಮಿನೆಸೆಂಟ್ ಡೋಸಿಮೀಟರ್. ಪ್ಲಾಸ್ಟಿಕ್ ಡಬ್ಬಿಯೊಳಗೆ ನಿಕಲ್ ಲೇಪದ ಅಲ್ಯೂಮಿನಿಯಂ ತಗಡು, ಅದರಲ್ಲಿ ಸಾಲಾಗಿ ಮೂರು ಬಿಲ್ಲೆಗಳು. ಬಿಲ್ಲೆಯಲ್ಲಿರುವುದು ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟು, ಟೆಫ್ಲಾನ್ ಜೊತೆ ಒತ್ತಿ ಮಾಡಿದ್ದು. ಒಂದು ಬಿಲ್ಲೆಗೆ ಲೋಹದ ಮುಚ್ಚಳ, ಇನ್ನೊಂದಕ್ಕೆ ಪ್ಲಾಸ್ಟಿಕ್ಕಿನದು, ಮೂರನೆಯದರ ಮುಂದೆ ತೆರೆದ ಕಿಟಕಿ. ಮೂರರ ಲೆಕ್ಕವನ್ನೂ ಹೋಲಿಸಿದರೆ ಬಂದದ್ದು ಗಾಮಾವೋ, ಬೀಟಾವೋ, ಎಕ್ಸ್-ರೇಯೋ ಎಂದು ತಿಳಿಯುತ್ತದೆ.

ಕೆಲಸ ಮಾಡುವ ಬಗೆ ದೇವಸ್ಥಾನದ ಹುಂಡಿಯಂತೆ. ಕಿರಣ ಬಿದ್ದಾಗಲೆಲ್ಲ ಹರಳಿನೊಳಗೆ ಒಂದಿಷ್ಟು ಶಕ್ತಿ ಸಿಕ್ಕಿಬೀಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಅವಧಿ ಮುಗಿದ ಮೇಲೆ ಲ್ಯಾಬಿನಲ್ಲಿ ಬಿಲ್ಲೆಯನ್ನು ಬಿಸಿ ಮಾಡಿದಾಗ ಸಿಕ್ಕಿಬಿದ್ದದ್ದೆಲ್ಲ ಬೆಳಕಾಗಿ ಹೊರಬರುತ್ತದೆ. ಆ ಬೆಳಕನ್ನು ಅಳೆದರೆ ಡೋಸ್. ಹುಂಡಿ ಒಮ್ಮೆ ಬರಿದಾಯಿತೆಂದರೆ ಮತ್ತೆ ಹೊಸ ಲೆಕ್ಕ. ಮೊದಲು ನಮ್ಮಲ್ಲಿ ಫಿಲ್ಮ್ ಬ್ಯಾಡ್ಜ್ ಇತ್ತು. ಸೆಕೆ, ತೇವಕ್ಕೆ ಫಿಲ್ಮು ಕೆಡುತ್ತಿತ್ತು. 1975ರಿಂದ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ರೂಪಿಸಿದ ಟಿಎಲ್‌ಡಿ ಬಂತು.

ಹುಂಡಿಯ ತೊಂದರೆಯೂ ನಿಮಗೆ ಗೊತ್ತು: ಎಣಿಸುವವರೆಗೂ ಎಷ್ಟಾಯಿತೆಂದು ತಿಳಿಯದು. ಅದಕ್ಕೇ ಪೆನ್ನು, ಅಂದರೆ ಡಿಆರ್‌ಡಿ, ಆಗಲೇ ನೋಡಿ ಓದಬಹುದಾದ ಡೋಸಿಮೀಟರ್. ಹಳೆಯ ಪೆನ್ನನ್ನು ಬೆಳಕಿಗೆ ಹಿಡಿದು ಒಂದು ತುದಿಯಿಂದ ಇಣುಕಿದರೆ 0ರಿಂದ 200 ಮಿಲಿರಾಂಟ್ಜನ್‌ವರೆಗಿನ (ವಿಕಿರಣದ ಹಳೆಯ ಅಳತೆ) ಗೆರೆಗಳ ಮೇಲೆ ಕೂದಲೆಳೆಯಂಥ ನೆರಳೊಂದು ಕಾಣುತ್ತದೆ. ಡೋಸ್ ಏರಿದಂತೆ ಆ ಕೂದಲು ಸರಿಯುತ್ತದೆ. ಕೆಳಗೆ ಬಿದ್ದರೆ ಒಮ್ಮೆಲೇ ಜಿಗಿದುಬಿಡುವುದೂ ಉಂಟು, ಬಿದ್ದದ್ದನ್ನು ಮುಚ್ಚಿಡದೆ ಹೇಳಿ. ಈಗ ಎಲೆಕ್ಟ್ರಾನಿಕ್ ಡೋಸಿಮೀಟರ್ ಇದೆ, ಅಂಕಿ ತೋರಿಸುತ್ತದೆ, ಹಾಕಿಟ್ಟ ಮಿತಿ ಮುಟ್ಟಿದರೆ ಕೂಗುತ್ತದೆ. ಪೆನ್ನು ಈ ಹೊತ್ತಿನ ಲೆಕ್ಕಕ್ಕೆ, ಬ್ಯಾಡ್ಜ್ ದಾಖಲೆಗೆ.

ಬ್ಯಾಡ್ಜನ್ನು ಬಾಯ್ಲರ್ ಸೂಟಿನ ಮೇಲೆ ಹಾಕಬೇಕೋ, ಒಳಗೋ?

ಅತಿ ಹೆಚ್ಚು ಬಾರಿ ಕೇಳಿಸಿಕೊಂಡ ಪ್ರಶ್ನೆ ಇದು. ಬರೇ ಹತ್ತಿ ಸೂಟಾದರೆ ಎದೆಯ ಮಟ್ಟದಲ್ಲಿ, ಸೂಟಿನ ಮೇಲೆ, ತೆರೆದ ಕಿಟಕಿ ಹೊರಗೆ ಕಾಣುವಂತೆ. ಗಾಮಾಕ್ಕೆ ಒಳಗಾದರೂ ಹೊರಗಾದರೂ ವ್ಯತ್ಯಾಸ ಬೀಳದು. ಬೀಟಾಕ್ಕೆ ಬೀಳುತ್ತದೆ. ಜೇಬಿನೊಳಗೆ ಬೀಡಿಕಟ್ಟು, ಕೀಲಿಗೊಂಚಲು, ನಾಣ್ಯದ ಹಿಂದೆ ಬ್ಯಾಡ್ಜ್ ತುರುಕಿಟ್ಟರೆ ಅದು ಹೇಳುವುದು ಅರ್ಧ ಸತ್ಯ. ಸೊಂಟಕ್ಕೆ ನೇತುಹಾಕುವುದೂ ಬೇಡ. ಹೊಟ್ಟೆಯಿಂದ ಎದೆಯವರೆಗಿನ ಅಂಗಗಳಿಗೆ ಎಷ್ಟು ತಾಗಿತೆಂದು ತಿಳಿಯಲೆಂದೇ ಆ ಎದೆಯ ಜಾಗ.

ಇನ್ನೊಂದು ವಿಷಯ ಹೆಚ್ಚಿನವರ ತಲೆಗೆ ಹೋಗುವುದಿಲ್ಲ. ವಿಕಿರಣ ನಿಮ್ಮ ಬೆನ್ನ ಹಿಂದಿನಿಂದ ಬರುತ್ತಿದ್ದರೆ ಎದೆಯ ಬ್ಯಾಡ್ಜಿಗೆ ನಿಮ್ಮ ಮೈಯೇ ಅಡ್ಡ. ಲೆಕ್ಕ ಕಡಿಮೆ ಬರುತ್ತದೆ. ಇಂಥ ಒಂದು ರಿಯಾಕ್ಟರಿನಲ್ಲಿ ಇಂಧನವನ್ನು ತಂಪಾಗಿಸುವ ಭಾರಜಲ ಹರಿಯುವ 306 ಕೂಲಂಟ್ ಚಾನೆಲ್‌ಗಳಿವೆ, ಅವುಗಳಿಗೆ ಹೋಗಿಬರುವ ಫೀಡರ್ ಪೈಪುಗಳು ಬಿದಿರುಮೆಳೆಯ ಹಾಗೆ ಒತ್ತೊತ್ತಾಗಿ ನಿಂತಿರುತ್ತವೆ. ಅಂಥಲ್ಲಿ ಮುಂದೆಯೂ ಪೈಪು, ತಲೆಯ ಮೇಲೂ ಪೈಪು. ಆಗ ಹೆಲ್ತ್ ಫಿಸಿಕ್ಸಿನವರು, ಅಂದರೆ ವಿಕಿರಣದ ಸುರಕ್ಷತೆ ನೋಡಿಕೊಳ್ಳುವವರು, ತಲೆಗೋ ಬೆನ್ನಿಗೋ ಹೆಚ್ಚುವರಿ ಬ್ಯಾಡ್ಜ್ ಕೊಡುತ್ತಾರೆ. ಕೈಯಲ್ಲಿ ಬಿಸಿ ಭಾಗ ಹಿಡಿಯುವ ಕೆಲಸವಾದರೆ ಮಣಿಕಟ್ಟಿಗೆ ಬೇರೆ ಬ್ಯಾಡ್ಜ್. ಕೊಟ್ಟರೆ ಗೊಣಗಬೇಡಿ.

ಸೀಸದ ಏಪ್ರನ್ ಹಾಕಿದರೆ?

ಒಂದೇ ಬ್ಯಾಡ್ಜ್ ಇದ್ದರೆ ಏಪ್ರನ್ನಿನ ಒಳಗೆ. ಎರಡನೆಯದು ಕೊಟ್ಟಿದ್ದರೆ ಕಾಲರಿನ ಹತ್ತಿರ, ಏಪ್ರನ್ನಿನ ಹೊರಗೆ. ಇದು ಹೆಚ್ಚಾಗಿ ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಪದ್ಧತಿ. ಅರ್ಧ ಮಿಲಿಮೀಟರ್ ಸೀಸದ ಏಪ್ರನ್ ಎಕ್ಸ್-ರೇಗೆ ಚೆನ್ನಾಗಿ ಒದಗುತ್ತದೆ, ಕೋಬಾಲ್ಟ್ ಗಾಮಾದ ಮುಂದೆ ಅದರ ಆಟ ನಡೆಯುವುದಿಲ್ಲ.

ಗಾಳಿ ತುಂಬುವ ಪ್ಲಾಸ್ಟಿಕ್ ಸೂಟು ಹಾಕಿದಾಗ ಬ್ಯಾಡ್ಜ್ ಎಲ್ಲಿ?

ಒಳಗೆ, ಬಾಯ್ಲರ್ ಸೂಟಿನ ಎದೆಗೆ ಸಿಕ್ಕಿಸಿ. ಹೊರಗೆ ಹಾಕಿದರೆ ಕೊಳೆ ಬ್ಯಾಡ್ಜಿಗೇ ಅಂಟುತ್ತದೆ. ಆಮೇಲೆ ನೀವು ಮನೆಯಲ್ಲಿ ಮಲಗಿದ್ದರೂ, ರ‍್ಯಾಕಿನಲ್ಲಿರುವ ಬ್ಯಾಡ್ಜ್ ತನ್ನ ಮೈಮೇಲಿನ ಕೊಳೆಯನ್ನೇ ನಿಮ್ಮ ಡೋಸ್ ಎಂದು ಎಣಿಸುತ್ತ ಕೂರುತ್ತದೆ. ಹೊರಗೆ ಹಾಕಲೇಬೇಕಾದ ಕಡೆ ತೆಳುವಾದ ಪಾಲಿಥಿನ್ ಚೀಲದಲ್ಲಿ ಹಾಕಿ ಕೊಡುತ್ತಾರೆ, ಬರುವಾಗ ಚೀಲ ಅಲ್ಲೇ ಕಸಕ್ಕೆ.

ಪ್ಲಾಸ್ಟಿಕ್ ಸೂಟಿನ ನಿಜವಾದ ಕಷ್ಟ ಸೆಕೆ ಮತ್ತು ಸದ್ದು. ಕೊಳವೆಯಿಂದ ಬರುವ ಗಾಳಿ ಕಿವಿಯ ಪಕ್ಕದಲ್ಲೇ ಭುಸ್ಸೆನ್ನುತ್ತದೆ. ಮೊದಲ ಸಲ ಹಾಕಿದಾಗ ನನಗಂತೂ ಪಕ್ಕದವನ ಮಾತಿರಲಿ, ನನ್ನ ಪೆನ್ನಿನ ಕೂಗೂ ಕೇಳಿಸಿರಲಿಲ್ಲ. ಹೊರಗಿದ್ದ ಜೊತೆಗಾರ ಕೈಬೀಸಿ ಕರೆದ ಮೇಲೆ ಗೊತ್ತಾದದ್ದು. ಆದ್ದರಿಂದ ಒಳಗೆ ಹೋಗುವ ಮೊದಲೇ ಕೈಸನ್ನೆ ಮಾತಾಡಿಕೊಳ್ಳಿ, ಎಷ್ಟು ನಿಮಿಷ ಎಂದು ಹೊರಗಿನವನ ಗಡಿಯಾರಕ್ಕೆ ಒಪ್ಪಿಸಿ. ಅಲುಗುವ ಅಲಾರಂ ಇದ್ದರೆ ಅದನ್ನೇ ಕೇಳಿ ಪಡೆಯಿರಿ. ಗಾಳಿ ನಿಂತರೆ ಮೊದಲು ಉಸಿರು, ಆಮೇಲೆ ಕೊಳೆಯ ಚಿಂತೆ. ತರಬೇತಿಯಲ್ಲಿ ತೋರಿಸಿದ ಹಾಗೆ ಹೊರಬನ್ನಿ.

ಅಲಾರಂ ಸುಮ್ಮಸುಮ್ಮನೆ ಕೂಗುತ್ತದಂತೆ, ಹೌದೇ?

ಕೂಗಿದರೂ ಹೊರಗೆ ಬಂದೇ ಕೆಟ್ಟಿದೆಯೇ ಎಂದು ನೋಡಬೇಕು. 2011ರ ಮಾರ್ಚ್ 24ರಂದು ಜಪಾನಿನ ಫುಕುಶಿಮಾ ದಾಯ್‌ಇಚಿಯಲ್ಲಿ ನಡೆದದ್ದು ಕೇಳಿ. ಮೂರನೇ ಘಟಕದ ಟರ್ಬೈನ್ ಕಟ್ಟಡದ ನೆಲಮಾಳಿಗೆಯಲ್ಲಿ ಮೂವರು ಕೇಬಲ್ ಎಳೆಯುತ್ತಿದ್ದರು. ಹಿಂದಿನ ದಿನ ನೋಡಿದಾಗ ಅಲ್ಲಿ ಅಷ್ಟು ನೀರಿರಲಿಲ್ಲ, ಡೋಸೂ ಕಡಿಮೆ ಇತ್ತು. ಅಂದು ಸುಮಾರು 15 ಸೆಂಟಿಮೀಟರ್ ನೀರು ನಿಂತಿತ್ತು. ಡೋಸಿಮೀಟರುಗಳು ಕೂಗಿದವು. ನಿನ್ನೆ ಏನೂ ಇರಲಿಲ್ಲ, ಯಂತ್ರವೇ ಕೆಟ್ಟಿರಬೇಕು ಎಂದುಕೊಂಡು ಅವರು ಕೆಲಸ ಮುಂದುವರಿಸಿದರು. ಮೂವರ ಡೋಸೂ 170 ಮಿಲಿಸೀವರ್ಟ್ ದಾಟಿತು. (ಮೈಗೆ ತಾಗಿದ ಡೋಸನ್ನು ಎಣಿಸುವ ಅಳತೆ ಮಿಲಿಸೀವರ್ಟ್.) ಇಬ್ಬರ ಕಾಲಲ್ಲಿ ಬೂಟು ಇರಲಿಲ್ಲ, ಗಿಡ್ಡ ಶೂ ಇತ್ತು. ನೀರು ಒಳಗೆ ನುಗ್ಗಿ ಪಾದದ ಚರ್ಮಕ್ಕೆ ಬೀಟಾ ತಾಗಿತು. ಮೈಗೆಲ್ಲ ಸೂಟಿತ್ತು, ಎದೆಗೆ ಡೋಸಿಮೀಟರೂ ಇತ್ತು. ಆದರೂ ಪಾದದ ಲೆಕ್ಕ ಎದೆಯ ಮೇಲಿನ ಯಂತ್ರಕ್ಕೆ ಸಿಗುವಂತಿರಲಿಲ್ಲ.

ಅದೇ ಸ್ಥಾವರದಲ್ಲಿ ಸುನಾಮಿಗೆ ಸುಮಾರು 5,000 ಡೋಸಿಮೀಟರುಗಳಲ್ಲಿ ಹೆಚ್ಚಿನವು ಹಾಳಾಗಿ ಉಳಿದದ್ದು 320. ಮೊದಲ ದಿನಗಳಲ್ಲಿ ತಂಡಕ್ಕೊಂದರಂತೆ ಹಂಚಿಕೊಂಡು ಕೆಲಸ ಮಾಡಿದರು. ನಾಲ್ಕು ಹೆಜ್ಜೆ ಆಚೆ ನಿಂತವನ ಡೋಸ್ ಬೇರೆಯೇ ಇರುತ್ತದೆ, ಹಾಗಾಗಿ ನಿಮ್ಮ ಜೊತೆಗಾರನ ಪೆನ್ನಿನ ಅಂಕಿ ನಿಮ್ಮದಾಗುವುದಿಲ್ಲ.

ಎಲ್ಲವನ್ನೂ ಬ್ಯಾಡ್ಜ್ ಹಿಡಿಯುತ್ತದಲ್ಲ, ಮತ್ತೆ ಮೂತ್ರ ಯಾಕೆ ಕೇಳುತ್ತಾರೆ?

ಬ್ಯಾಡ್ಜಿಗೆ ಕಾಣದ್ದೊಂದಿದೆ: ಟ್ರಿಟಿಯಂ, ವಿಕಿರಣ ಸೂಸುವ ಒಂದು ಬಗೆಯ ಹೈಡ್ರೋಜನ್. ಭಾರಜಲ ರಿಯಾಕ್ಟರಿನಲ್ಲಿ ಅದು ಹುಟ್ಟಿಕೊಂಡೇ ಇರುತ್ತದೆ. ಅದರ ಬೀಟಾ ಎಷ್ಟು ಬಡವೆಂದರೆ ಬ್ಯಾಡ್ಜಿನ ಕಾಗದವನ್ನೂ ದಾಟಲಾರದು. ಹೊರಗಿದ್ದಷ್ಟು ಕಾಲ ಅದರಿಂದ ಭಯವಿಲ್ಲ. ಆದರೆ ಆವಿಯಾಗಿ ಉಸಿರಿನ ಜೊತೆ, ಚರ್ಮದ ಮೂಲಕವೂ ಒಳಗೆ ಹೋಗಿ ಮೈಯ ನೀರಿನಲ್ಲಿ ನೀರಾಗಿಬಿಡುತ್ತದೆ. ಪ್ಲಾಸ್ಟಿಕ್ ಸೂಟಿನ ದೊಡ್ಡ ಉಪಯೋಗ ಇರುವುದು ಇಲ್ಲೇ. ಮೂಗಿಗೆ ಬರೇ ಮಾಸ್ಕ್ ಕಟ್ಟಿದರೆ ಚರ್ಮದ ದಾರಿ ತೆರೆದೇ ಇರುತ್ತದೆ.

ಒಳಗೆ ಹೋದದ್ದನ್ನು ಮೂತ್ರದಲ್ಲಿ ಅಳೆಯುತ್ತಾರೆ. ಸುಮಾರು ಹತ್ತು ದಿನಕ್ಕೆ ಅರ್ಧದಷ್ಟು ಹೊರಗೆ ಹೋಗಿರುತ್ತದೆ, ನೀರು ಜಾಸ್ತಿ ಕುಡಿದರೆ ಇನ್ನೂ ಬೇಗ.

2009ರ ನವೆಂಬರ್‌ನಲ್ಲಿ ಕೈಗಾದಲ್ಲಿ ನಡೆದದ್ದು ಹಲವರಿಗೆ ನೆನಪಿದೆ. ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ 50ಕ್ಕೂ ಹೆಚ್ಚು ಮಂದಿಗೆ ಟ್ರಿಟಿಯಂ ಹೆಚ್ಚಾಗಿ ಕಂಡಿತು. ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಕುಡಿಯುವ ನೀರಿನ ಕೂಲರ್. ಯಾರೋ ಬೇಕೆಂದೇ ಟ್ರಿಟಿಯಂ ಇದ್ದ ಭಾರಜಲವನ್ನು ಅದಕ್ಕೆ ಬೆರೆಸಿದ್ದರು ಎಂದು ಅಧಿಕಾರಿಗಳು ಹೇಳಿದರು. ಅಲ್ಲಿ ಸೂಟೂ ಕೆಲಸಕ್ಕೆ ಬರಲಿಲ್ಲ, ಬ್ಯಾಡ್ಜೂ ಬಾಯಿಬಿಡಲಿಲ್ಲ. ಹಿಡಿದುಕೊಟ್ಟದ್ದು ಎಲ್ಲರೂ ಮೂಗು ಮುರಿಯುವ ಆ ಬಾಟಲಿ. ಸ್ಯಾಂಪಲ್ ಕೊಡಲು ಸೋಮಾರಿತನ ಮಾಡುವವರಿಗೆ ನಾನು ಹೇಳುವ ಕಥೆ ಇದೊಂದೇ.

ಎಷ್ಟು ಡೋಸ್‌ವರೆಗೆ ಪರವಾಗಿಲ್ಲ?

ನಮ್ಮ ದೇಶದಲ್ಲಿ ಮಿತಿ ಹಾಕುವುದು ಎಇಆರ್‌ಬಿ, ಅಂದರೆ ಅಣುಶಕ್ತಿ ನಿಯಂತ್ರಣ ಮಂಡಳಿ. ವಿಕಿರಣದ ಕೆಲಸದವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ತಾತ್ಕಾಲಿಕ ಕೆಲಸಗಾರರಿಗೆ ವರ್ಷಕ್ಕೆ 15. ಸಾರ್ವಜನಿಕರಿಗೆ 1. ಹೋಲಿಸಿ ನೋಡಬೇಕೆಂದರೆ, ಮಣ್ಣು, ಗಾಳಿ, ಆಕಾಶದಿಂದ ಜಗತ್ತಿನ ಯಾವನೇ ಮನುಷ್ಯನಿಗೆ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ಹೇಗೂ ಬರುತ್ತದೆ.

ಕೆಲಸದ ಲೆಕ್ಕ ಸುಲಭ. ಗಂಟೆಗೆ 2 ಮಿಲಿಸೀವರ್ಟ್ ಇರುವ ಜಾಗದಲ್ಲಿ 15 ನಿಮಿಷ ಇದ್ದರೆ ಅರ್ಧ ಮಿಲಿಸೀವರ್ಟ್. ಬೋಲ್ಟು ಬಿಚ್ಚಲು ಐದೇ ನಿಮಿಷ ಸಾಕಾಗಿ, ಉಳಿದ ಹತ್ತು ನಿಮಿಷ ಸರಿಯಾದ ಸ್ಪ್ಯಾನರಿಗೆ ಕಾದರೆ ಮೂರರಲ್ಲಿ ಎರಡು ಪಾಲು ಡೋಸ್ ದಂಡ. ಹೊರಗೇ ಒಮ್ಮೆ ಅಭ್ಯಾಸ ಮಾಡಿಸಿ ಒಳಗೆ ಕಳಿಸುವುದು ಇದಕ್ಕೇ.

ಡೋಸ್ ಜಾಸ್ತಿಯಾದರೆ ಕೆಲಸ ಹೋಗುತ್ತದೆ. ಬ್ಯಾಡ್ಜ್ ಹೊರಗಿಟ್ಟು ಹೋದರೆ?

ಇದನ್ನು ಯಾರೂ ನೇರವಾಗಿ ಕೇಳುವುದಿಲ್ಲ. ‘ನಮ್ಮೂರಿನವನೊಬ್ಬ ಹಾಗೆ ಮಾಡಿದನಂತೆ’ ಎಂದು ಶುರುಮಾಡುತ್ತಾರೆ. ಕೇಳುವವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ದಿನಗೂಲಿಯವನಿಗೆ ಮಿತಿ ಎಂಬುದು ಆರೋಗ್ಯದ ಅಂಕಿಯಾಗಿ ಕಾಣುವುದಿಲ್ಲ, ಉಳಿದಿರುವ ಕೂಲಿಯ ದಿನಗಳಾಗಿ ಕಾಣುತ್ತದೆ.

ಫುಕುಶಿಮಾದಲ್ಲೂ ಇದೇ ಆಯಿತು. 2011ರ ಡಿಸೆಂಬರಿನಲ್ಲಿ ಒಬ್ಬ ಉಪಗುತ್ತಿಗೆದಾರ ತನ್ನ ಕೆಲಸಗಾರರಿಗೆ ಡೋಸಿಮೀಟರಿಗೆ ಸೀಸದ ತಗಡಿನ ಮುಚ್ಚಳ ಹಾಕಿಕೊಳ್ಳಲು ಹೇಳಿದ್ದು ಮುಂದಿನ ವರ್ಷ ಜುಲೈನಲ್ಲಿ ಬಯಲಿಗೆ ಬಂತು. ಡೋಸ್ ಬೇಗ ಮುಗಿದರೆ ಗುತ್ತಿಗೆ ಕೈತಪ್ಪುತ್ತದೆ ಎಂಬ ಲೆಕ್ಕ. ತಗಡು ಮುಚ್ಚಿದ್ದು ಯಂತ್ರವನ್ನು, ಅದರ ಹಿಂದಿನ ಎದೆಯನ್ನಲ್ಲ.

ಹಾಗೆ ಮಾಡಿದರೆ ಸಿಕ್ಕಿಬೀಳುವುದೂ ಕಷ್ಟವಲ್ಲ. ಬ್ಯಾಡ್ಜಿಗೂ ಪೆನ್ನಿಗೂ ತಾಳೆಯಾಗುವುದಿಲ್ಲ, ಒಟ್ಟಿಗೆ ಇದ್ದ ನಾಲ್ವರಲ್ಲಿ ಒಬ್ಬನ ಅಂಕಿ ಮಾತ್ರ ಕೆಳಗಿರುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ: ನಾಳೆ ಏನಾದರೂ ಕಾಯಿಲೆ ಬಂದು ಪರಿಹಾರ ಕೇಳುವ ಹೊತ್ತಿಗೆ ನಿಮ್ಮ ಪರವಾಗಿ ಇರುವ ಒಂದೇ ಸಾಕ್ಷಿಯನ್ನು ನೀವೇ ಸುಳ್ಳು ಮಾಡಿರುತ್ತೀರಿ. ಒಪ್ಪಂದಕ್ಕೆ ಸಹಿ ಹಾಕುವ ದಿನವೇ ಗುತ್ತಿಗೆದಾರರನ್ನು ಕೇಳಿ, ಡೋಸ್ ಮುಗಿದರೆ ಹೊರಗಿನ ಕೆಲಸಕ್ಕೆ ಹಾಕುತ್ತೀರಾ, ಕೂಲಿ ಅಷ್ಟೇ ಇರುತ್ತದೆಯಾ ಎಂದು. ಇದು ಕೆಲಸಗಾರನೊಬ್ಬನ ತಲೆನೋವಾಗಬಾರದು ಎಂಬುದು ನನ್ನ ಅಭಿಪ್ರಾಯ. ಆದರೆ ಇವತ್ತಿಗೆ ಕೇಳಬೇಕಾದವರು ನೀವೇ.

ಬ್ಯಾಡ್ಜ್ ಕಳೆದರೆ, ಬಟ್ಟೆಯ ಜೊತೆ ಒಗೆತಕ್ಕೆ ಹೋದರೆ?

ತಕ್ಷಣ ಹೇಳಿ. ಪೆನ್ನಿನ ಅಂಕಿ, ಜೊತೆಗಿದ್ದವರ ಡೋಸ್, ಜಾಗದ ಅಳತೆ ನೋಡಿ ಅಂದಾಜು ಕಟ್ಟುತ್ತಾರೆ. ಬೇರೆಯವರ ಬ್ಯಾಡ್ಜ್ ಎರವಲು ಬೇಡ. ಬಿಸಿಲಿಗೆ, ಬಿಸಿಗೆ ಇಡಬೇಡಿ, ಬಿಸಿಗೆ ಹುಂಡಿ ಸೋರುತ್ತದೆ. ಕೆಲಸ ಮುಗಿದ ಮೇಲೆ ಅದರ ಜಾಗ ರ‍್ಯಾಕು, ನಿಮ್ಮ ಮನೆಯ ಮೊಳೆಯಲ್ಲ.

ಆಸ್ಪತ್ರೆಯಲ್ಲಿ ನನಗೇ ಎಕ್ಸ್-ರೇ ತೆಗೆದರೆ?

ಬ್ಯಾಡ್ಜ್ ಹಾಕಿಕೊಂಡು ಹೋಗಬೇಡಿ, ಅದು ಕೆಲಸದ ಡೋಸಿಗೆ ಮಾತ್ರ. ಆದರೆ ಥೈರಾಯ್ಡಿಗೆ ಅಯೋಡಿನ್-131 ಕೊಟ್ಟಿದ್ದರೆ, ಪೆಟ್ ಸ್ಕ್ಯಾನ್ ಮಾಡಿಸಿದ್ದರೆ ಕೆಲಸಕ್ಕೆ ಬರುವ ಮೊದಲೇ ತಿಳಿಸಿ. ಇಲ್ಲದಿದ್ದರೆ ಒಳಗೆ ಕಾಲಿಡುವ ಮುಂಚೆಯೇ ಮಾನಿಟರುಗಳು ನಿಮ್ಮನ್ನು ನೋಡಿ ಬೊಬ್ಬೆ ಹಾಕುತ್ತವೆ.

ಉಡುಪು ಬಿಚ್ಚುವಾಗ ಯಾಕಷ್ಟು ಶಿಸ್ತು?

ಕೊಳೆ ಮೈಗೆ ಅಂಟುವುದು ಹೆಚ್ಚಾಗಿ ಕೆಲಸ ಮಾಡುವಾಗಲ್ಲ, ಬಿಚ್ಚುವಾಗ. ಸುಸ್ತಾಗಿರುತ್ತದೆ, ಬೆವರು ಕಣ್ಣಿಗೆ ಇಳಿಯುತ್ತಿರುತ್ತದೆ, ಕೈ ತಾನಾಗಿ ಮುಖಕ್ಕೆ ಹೋಗುತ್ತದೆ. ಹೊರಗಿನ ಗ್ಲೌಸನ್ನು ಒಳಮಗ್ಗುಲು ಹೊರಗೆ ಬರುವಂತೆ ಮಗುಚಿ ತೆಗೆಯಬೇಕು. ಸೂಟನ್ನೂ ಕೊಳೆ ಒಳಗೆ ಸುತ್ತಿಕೊಳ್ಳುವಂತೆ ಕೆಳಕ್ಕೆ ಮಡಚುತ್ತ ಬರಬೇಕು. ಕೊಡವಬಾರದು. ಕೊಳೆಯ ಬದಿಗೂ ಸ್ವಚ್ಛ ಬದಿಗೂ ನಡುವಿನ ತಡೆಯಾದ ಬ್ಯಾರಿಯರ್ ದಾಟುವಾಗ ಒಂದು ಶೂ ಕವರ್ ತೆಗೆದು ಆ ಕಾಲನ್ನು ಸ್ವಚ್ಛ ಬದಿಗೆ ಇಟ್ಟ ಮೇಲೆಯೇ ಇನ್ನೊಂದು. ನಮ್ಮಲ್ಲಿ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಕಾಲು ತೊಳೆದು ಒಳಗೆ ಬರುವ ಅಭ್ಯಾಸ ಇದ್ದವರು ಇದನ್ನು ಬೇಗ ಕಲಿಯುತ್ತಾರೆ. ಮಾಸ್ಕ್ ಕೊನೆಗೆ. ಬ್ಯಾಡ್ಜನ್ನು, ಪೆನ್ನನ್ನು ಕೊಳಕು ಗ್ಲೌಸಿನಲ್ಲಿ ಮುಟ್ಟಬೇಡಿ. ಆಯಾ ಬ್ಯಾರಿಯರಿನಲ್ಲಿ ಅಂಟಿಸಿದ ಕ್ರಮ ನಾನು ಹೇಳಿದ್ದಕ್ಕಿಂತ ಬೇರೆ ಇದ್ದರೆ ಅದೇ ಸರಿ.

ಗಡ್ಡ, ತಾಳಿ, ಮೊಬೈಲು, ಗುಟ್ಕಾ?

ಮುಖ ಪೂರ್ತಿ ಮುಚ್ಚುವ ಮಾಸ್ಕಿಗೆ ಗಡ್ಡ ಆಗದು, ರಬ್ಬರ್ ಅಂಚು ಚರ್ಮಕ್ಕೆ ಕೂರುವುದಿಲ್ಲ. ಉಂಗುರ, ವಾಚು, ಸರ ಹೊರಗಿಟ್ಟು ಬನ್ನಿ. ಕೊಳೆಯಾದರೆ ಅವೂ ಅಲ್ಲೇ ಉಳಿಯಬಹುದು, ಆಮೇಲೆ ಮನೆಯಲ್ಲಿ ಉತ್ತರ ಕೊಡುವುದು ಕಷ್ಟ. ಗುಟ್ಕಾ, ಎಲೆಅಡಿಕೆ, ಬೀಡಿ, ಚಹಾ ಯಾವುದೂ ಒಳಗಿಲ್ಲ. ಚರ್ಮದ ಕೊಳೆಯನ್ನು ಸೋಪು ಹಾಕಿ ತೊಳೆಯಬಹುದು, ನುಂಗಿದ್ದನ್ನು ತೊಳೆಯಲಾಗದು.

ಗರ್ಭಿಣಿಯರು?

ತಿಳಿದ ಕೂಡಲೇ ಹೇಳಬೇಕು. ಹೇಳಿದಾಗಿನಿಂದ ಹೆರಿಗೆಯವರೆಗೆ ಹೊಟ್ಟೆಯಲ್ಲಿರುವ ಮಗುವಿಗೆ 1 ಮಿಲಿಸೀವರ್ಟ್ ದಾಟದಂತೆ ಕೆಲಸ ಬದಲಿಸಿ ಕೊಡುತ್ತಾರೆ.

ಅವರ ಬಟ್ಟೆಯನ್ನು ಮನೆಯಲ್ಲಿ ಬೇರೆ ತೊಳೆಯಬೇಕಾ?

ಒಬ್ಬ ವೆಲ್ಡರಿನ ಹೆಂಡತಿ ಕೇಳಿದ್ದು. ಬೇಡ ತಂಗಿ. ಒಳಗೆ ಹಾಕಿದ ಸೂಟು ಮನೆಗೆ ಬರುವುದೇ ಇಲ್ಲ, ಸ್ಥಾವರದ ಲಾಂಡ್ರಿಯಲ್ಲೇ ಒಗೆದು ಅಳೆದು ಮತ್ತೆ ಬಳಸುತ್ತಾರೆ. ಅವರು ಮೈಮೇಲೆ ಹಾಕಿಕೊಂಡು ಬರುವ ಬಟ್ಟೆ ಗೇಟಿನ ಮಾನಿಟರ್ ದಾಟಿಯೇ ಬಂದಿರುತ್ತದೆ. ಎಲ್ಲರ ಬಟ್ಟೆಯ ಜೊತೆ ಹಾಕಿ. ಹೊರಗಿನಿಂದ ವಿಕಿರಣ ತಾಗಿದವರು ತಾವೇ ವಿಕಿರಣ ಸೂಸುವುದಿಲ್ಲ, ಮಕ್ಕಳನ್ನು ಎತ್ತಿಕೊಂಡರೆ ಏನೂ ಆಗುವುದಿಲ್ಲ.

ಈ ಕೆಲಸ ಮುಗಿದ ಮೇಲೆ ನನ್ನ ಡೋಸ್ ಲೆಕ್ಕ ಎಲ್ಲಿರುತ್ತದೆ?

ಮುಂಬೈಯ ಬಾರ್ಕ್‌ನಲ್ಲಿ ದೇಶದ ಎಲ್ಲ ವಿಕಿರಣ ಕೆಲಸಗಾರರ ಡೋಸ್ ದಾಖಲೆ ಇದೆ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಈ ವರ್ಷ ಕೈಗಾ, ಮುಂದಿನ ವರ್ಷ ಕಲ್ಪಾಕ್ಕಂ, ಆಮೇಲೆ ರಾವತ್‌ಭಾಟಾ ಎಂದು ನೀವು ಗುತ್ತಿಗೆಯ ಹಿಂದೆ ಓಡಾಡಿದರೂ ಲೆಕ್ಕ ಒಂದೇ ಕಡೆ ಸೇರುತ್ತದೆ. ಆ ಸಂಖ್ಯೆಯನ್ನು ರೇಷನ್ ಕಾರ್ಡಿನ ಜೊತೆ ಬರೆದಿಟ್ಟುಕೊಳ್ಳಿ. ಮುಂದಿನ ಸ್ಥಾವರದಲ್ಲಿ ಬ್ಯಾಡ್ಜ್ ಕೊಡುವ ಮೊದಲು ಕೇಳುವುದು ಅದನ್ನೇ.